ಅಗ್ಗದ ನಾನ್‌ಸ್ಟಿಕ್ ಪ್ಯಾನ್: ಮಿನ್ನೆಸೋಟಕ್ಕೆ ಹೊಸದಾಗಿ ಬಂದವರಿಗೆ

ಊರಿಂದ ಬಂದಿಳಿದ ಮೊದಲ ವಾರದಲ್ಲೇ ಹೆಚ್ಚುಕಮ್ಮಿ ಎಲ್ಲರೂ ಕೊಳ್ಳುವ ಸಾಮಾನು ಒಂದಿದೆ: ಹತ್ತು ಹದಿನೈದು ಡಾಲರಿನ ನಾನ್‌ಸ್ಟಿಕ್ ಪ್ಯಾನ್. ಮಂಚ ಇನ್ನೂ ಬಂದಿರುವುದಿಲ್ಲ, ಸೋಷಿಯಲ್ ಸೆಕ್ಯೂರಿಟಿ ನಂಬರ್ ಬಂದಿರುವುದಿಲ್ಲ. ಆದರೆ ಬೆಳಗಾದರೆ ಮಕ್ಕಳಿಗೆ ದೋಸೆ ಆಗಬೇಕು. ನಾನೂ ಹಾಗೇ ಕೊಂಡೆ. ಮೂರು ತಿಂಗಳಿಗೆ ಅದು ಕಸದ ಡಬ್ಬಿ ಸೇರಿತು.

ಪೂರ್ತಿ ತಪ್ಪು ಪ್ಯಾನಿನದಲ್ಲ. ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಅಕ್ಕಿ ರೊಟ್ಟಿ. ಒಂದು ಬೆಂದ ಮೇಲೆ ಮುಂದಿನದನ್ನು ತಟ್ಟಬೇಕಲ್ಲ, ಕಾದ ಪ್ಯಾನ್ ಮೇಲೆ ಕೈ ಇಡುವ ಹಾಗಿಲ್ಲ. ಅಮ್ಮ ಮಾಡುತ್ತಿದ್ದಂತೆ ಅದನ್ನು ನಲ್ಲಿ ಕೆಳಗೆ ಬೋರಲು ಹಿಡಿದು ಆರಿಸುತ್ತಿದ್ದೆ. ಒಂದು ದಿನ 'ಟಣ್' ಅಂತ ಸದ್ದಾಯಿತು. ತಳ ಉಬ್ಬಿತ್ತು. ಗಾಜಿನ ಒಲೆ ಮೇಲಿಟ್ಟರೆ ಬುಗುರಿ ಥರ ತಿರುಗುತ್ತಿತ್ತು. ಎಣ್ಣೆಯೆಲ್ಲ ನಡುವೆ ಸೇರಿ ಅಂಚು ಒಣಗಿ ಅಂಟುತ್ತಿತ್ತು. ಅಮ್ಮನ ಬಾಣಲೆ ದಪ್ಪ ಕಬ್ಬಿಣದ್ದು, ನನ್ನದು ತೆಳು ಅಲ್ಯೂಮಿನಿಯಂ ತಗಡು. ಈ ವ್ಯತ್ಯಾಸ ಅಂಗಡಿಯಲ್ಲಿ ನಿಂತಾಗ ಹೊಳೆದಿರಲಿಲ್ಲ.

ನಮ್ಮ ಕನ್ನಡ ಸಂಘದ ಹೊಸಬರ ಗುಂಪಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಯಾವ ಪ್ಯಾನ್ ತಗೊಳ್ಳಲಿ, ನಾನ್‌ಸ್ಟಿಕ್ ಪ್ಯಾನಿಗೆ ಬಳಿದಿರುವ ಟೆಫ್ಲಾನ್ ವಿಷವಂತೆ ಹೌದಾ, ಇಲ್ಲಿ ಅದು ಬ್ಯಾನ್ ಅಂತಾರಲ್ಲ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇವೆ.

ನಮ್ಮ ರಾಜ್ಯದ ಕಾನೂನು

ಬ್ಯಾನ್ ಆಗಿರುವುದು ನಿಜ. 2025ರ ಜನವರಿ 1ರಿಂದ ಮಿನ್ನೆಸೋಟದಲ್ಲಿ ಪಿಎಫ್‌ಎಎಸ್ ಎಂಬ, ನೀರು ಮಣ್ಣಿನಲ್ಲಿ ಸುಲಭಕ್ಕೆ ನಾಶವಾಗದ ಗುಂಪಿನ ರಾಸಾಯನಿಕಗಳನ್ನು ಬೇಕೆಂದೇ ಸೇರಿಸಿದ ಅಡುಗೆ ಪಾತ್ರೆ ಮಾರುವಂತಿಲ್ಲ. ಟೆಫ್ಲಾನ್, ಅಂದರೆ ಪಿಟಿಎಫ್‌ಇ, ಅದೇ ಗುಂಪಿಗೆ ಸೇರಿದ್ದು. ಪಾತ್ರೆಗಳ ಮೇಲೆ ಇಂಥ ನಿಷೇಧ ತಂದ ಮೊದಲ ರಾಜ್ಯ ನಮ್ಮದೇ. ಈ ಕಾಯಿದೆಗೆ 'ಅಮಾರಾಸ್ ಲಾ' ಅಂತ ಹೆಸರು. ಇಲ್ಲಿಯ ಓಕ್‌ಡೇಲ್ ಶಾಲೆಯಲ್ಲಿ ಓದಿದ ಅಮಾರಾ ಸ್ಟ್ರಾಂಡೆ ಎಂಬ ಹುಡುಗಿ ಅಪರೂಪದ ಯಕೃತ್ತಿನ ಕ್ಯಾನ್ಸರ್ ಜೊತೆ ಸೆಣಸುತ್ತಲೇ ಶಾಸಕರ ಮುಂದೆ ಹೋಗಿ ಈ ನಿಷೇಧ ಬೇಕೆಂದು ಮಾತಾಡಿದಳು. 2023ರ ಏಪ್ರಿಲ್‌ನಲ್ಲಿ, 20ನೇ ವಯಸ್ಸಿನಲ್ಲಿ ತೀರಿಕೊಂಡಳು. ಮುಂದಿನ ತಿಂಗಳೇ ಗವರ್ನರ್ ಸಹಿ ಬಿತ್ತು.

ಈ ಭಾಗಕ್ಕೆ ಈ ರಾಸಾಯನಿಕಗಳ ಹಳೆಯ ನೆನಪಿದೆ. ತ್ರೀಎಂ ಕಂಪನಿ ಕಾಟೇಜ್ ಗ್ರೋವ್‌ನಲ್ಲಿ ದಶಕಗಳ ಕಾಲ ಈ ರಾಸಾಯನಿಕಗಳನ್ನು ತಯಾರಿಸಿತು. ಅದರ ಕಸ ವುಡ್‌ಬರಿ, ಓಕ್‌ಡೇಲ್, ಲೇಕ್ ಎಲ್ಮೊ ಸುತ್ತಮುತ್ತಲಿನ ಅಂತರ್ಜಲಕ್ಕೆ ಸೇರಿತು. ರಾಜ್ಯ 2010ರಲ್ಲಿ ಕೇಸು ಹಾಕಿತು. 2018ರಲ್ಲಿ 85 ಕೋಟಿ ಡಾಲರ್‌ಗೆ ರಾಜಿಯಾಯಿತು. ನಮ್ಮವರು ಎಷ್ಟೋ ಜನ ವುಡ್‌ಬರಿಯಲ್ಲೇ ಮನೆ ಮಾಡಿದ್ದಾರೆ. ಅಲ್ಲಿ ಬಾಡಿಗೆಗೆ ಹೋಗುವವರು ಪ್ಯಾನಿಗಿಂತ ಮೊದಲು ಕುಡಿಯುವ ನೀರಿನ ಬಗ್ಗೆ ನಗರಸಭೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಆದರೆ ಕಾನೂನು ತಡೆದಿರುವುದು ಮಾರಾಟವನ್ನು, ಬಳಕೆಯನ್ನಲ್ಲ. ಬೇರೆ ರಾಜ್ಯದಿಂದ ತಂದ ಟೆಫ್ಲಾನ್ ತವಾ ನಿಮ್ಮ ಮನೆಯಲ್ಲಿದ್ದರೆ ಯಾರೂ ಕೇಳುವುದಿಲ್ಲ. ಹಳೆ ಸಾಮಾನಿನ ಮಾರಾಟಕ್ಕೂ ವಿನಾಯಿತಿ ಇದೆ. ಅದಕ್ಕೇ ಗರಾಜ್ ಸೇಲ್‌ಗಳಲ್ಲಿ, ಥ್ರಿಫ್ಟ್ ಅಂಗಡಿಗಳಲ್ಲಿ ಎರಡು ಡಾಲರಿಗೆ ಇವತ್ತೂ ಸಿಗುತ್ತದೆ. ಸೇಂಟ್ ಕ್ರೋಯಿ ನದಿ ದಾಟಿ ವಿಸ್ಕಾನ್ಸಿನ್‌ನ ಹಡ್ಸನ್‌ಗೆ ಹೋದರೆ ಹೊಸದೇ ಇಟ್ಟಿರುತ್ತಾರೆ. ಪ್ಯಾನಿಗೋಸ್ಕರ ಅಷ್ಟು ದೂರ ಹೋಗಬೇಡಿ. ಥ್ರಿಫ್ಟ್ ಅಂಗಡಿಯ ನಾನ್‌ಸ್ಟಿಕ್ ಅಂತೂ ಬೇಡವೇ ಬೇಡ. ಅದನ್ನು ಯಾರು ಎಷ್ಟು ಸುಟ್ಟಿದ್ದಾರೋ ನೋಡಿದರೆ ಗೊತ್ತಾಗುವುದಿಲ್ಲ.

ಭಯ ಯಾವುದಕ್ಕೆ ಪಡಬೇಕು

ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಮೂರು ಬೇರೆ ಬೇರೆ ವಿಷಯಗಳು ಕಲಸುಮೇಲೋಗರವಾಗಿವೆ. ಟೆಫ್ಲಾನ್ ಕಿತ್ತು ಚೂರು ಹೊಟ್ಟೆಗೆ ಹೋಯಿತು ಅನ್ನುವುದು ಒಂದು. ಆ ಚೂರು ಯಾವುದರ ಜೊತೆಗೂ ಬೆರೆಯದ ವಸ್ತು. ಹೇಗೆ ಹೋಯಿತೋ ಹಾಗೇ ಹೊರಬರುತ್ತದೆ. ಒಂದು ಚೂರಿಗೆ ಗಾಬರಿ ಬೇಡ. ಆದರೆ ಕಿತ್ತ ಜಾಗದಲ್ಲಿ ಬರಿ ಅಲ್ಯೂಮಿನಿಯಂ ಕಾಣುತ್ತದೆ. ಟೊಮೇಟೊ ಗೊಜ್ಜು, ಹುಣಸೆಹುಳಿ ಅದನ್ನು ತಿನ್ನುತ್ತವೆ. ಪ್ಯಾನ್ ಬದಲಿಸಲು ಅಷ್ಟು ಕಾರಣ ಸಾಕು.

ಎರಡನೆಯದು ಪಿಎಫ್‌ಒಎ. ಇದು ಟೆಫ್ಲಾನ್ ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕದ ದೊಡ್ಡ ತಯಾರಕರು 2015ರ ಹೊತ್ತಿಗೆ ಇದನ್ನು ಕೈಬಿಟ್ಟಿದ್ದರು. ಹಾಗಾಗಿ ಇವತ್ತು ಡಬ್ಬಿ ಮೇಲೆ 'ಪಿಎಫ್‌ಒಎ ಫ್ರೀ' ಎಂದು ದೊಡ್ಡದಾಗಿ ಬರೆದಿದ್ದರೆ ಅದು ಹೊಸ ವಿಷಯವೇನಲ್ಲ. ಒಳಗೆ ಟೆಫ್ಲಾನ್ ಇಲ್ಲ ಅಂತಲೂ ಅದರ ಅರ್ಥವಲ್ಲ. 'ಪಿಎಫ್‌ಎಎಸ್ ಫ್ರೀ' ಎಂದಿದ್ದರೆ ಮಾತ್ರ ಇಲ್ಲ ಅಂತ. ಒಂದೆರಡು ಅಕ್ಷರದ ವ್ಯತ್ಯಾಸ, ಕಣ್ಣಿಟ್ಟು ಓದಿ. ಗ್ರಾನೈಟ್, ಮಾರ್ಬಲ್, ಸ್ಟೋನ್, ಡೈಮಂಡ್ ಎಂಬ ಹೆಸರುಗಳನ್ನು ನಂಬಿ ಕೊಳ್ಳಬೇಡಿ. ಅಗ್ಗದ ಪ್ಯಾನಿನಲ್ಲಿ ಕಲ್ಲು ಇರುವುದಿಲ್ಲ, ಚುಕ್ಕಿ ಬಣ್ಣ ಇರುತ್ತದೆ.

ಮೂರನೆಯದು ಹೊಗೆ. ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲಿ. ಟೆಫ್ಲಾನ್ ಸುಮಾರು 260 ಡಿಗ್ರಿ ಸೆಲ್ಸಿಯಸ್ ತನಕ, ಇಲ್ಲಿಯ ಲೆಕ್ಕದಲ್ಲಿ 500 ಫ್ಯಾರನ್‌ಹೀಟ್ ತನಕ ತಡೆಯುತ್ತದೆ. ಅದರ ಮೇಲೆ ಕೆಡಲು ಶುರು. 350 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಟ್ಟ ಅನಿಲಗಳು ಜಾಸ್ತಿಯಾಗುತ್ತವೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆ ಬಿಟ್ಟು ಫ್ಲೂ ಬಂದ ಹಾಗೆ ಚಳಿ, ಜ್ವರ, ಮೈಕೈ ನೋವು. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳಿಯುತ್ತದೆ. ಮನೆಯಲ್ಲಿ ಗಿಳಿ ಸಾಕಿದ್ದರೆ ಅದು ಬದುಕುವುದು ಕಷ್ಟ, ಹಕ್ಕಿಗಳ ಶ್ವಾಸಕೋಶ ಅಷ್ಟು ಸೂಕ್ಷ್ಮ.

260 ಡಿಗ್ರಿ ಅಂದರೆ ತುಂಬಾ ಅನ್ನಿಸುತ್ತದೆ ಅಲ್ವಾ? ಒಗ್ಗರಣೆ, ಪಲ್ಯ, ಉಪ್ಪಿಟ್ಟಿಗೆ ಅಷ್ಟು ಬಿಸಿ ಬೇಕಾಗುವುದೇ ಇಲ್ಲ. ಕಡಲೆಕಾಯಿ ಎಣ್ಣೆ ಸುಮಾರು 230ಕ್ಕೆ ಹೊಗೆಯಾಡುತ್ತದೆ. ಅಂದರೆ ಎಣ್ಣೆ ಇದ್ದಾಗ ಎಣ್ಣೆಯೇ ಮೊದಲು ಎಚ್ಚರಿಸುತ್ತದೆ. ಒಣ ಪ್ಯಾನಿಗೆ ಆ ಎಚ್ಚರಿಕೆ ಇಲ್ಲ. ದೊಡ್ಡ ಉರಿಯಲ್ಲಿ ಖಾಲಿ ಪ್ಯಾನ್ ಕೆಲವೇ ನಿಮಿಷದಲ್ಲಿ ಆ ಮಟ್ಟ ಮುಟ್ಟುತ್ತದೆ. ನಮ್ಮ ಅಡುಗೆಯಲ್ಲಿ ಒಣ ಪ್ಯಾನ್ ಕೆಲಸ ಎಷ್ಟಿದೆ ನೋಡಿ: ಚಪಾತಿ, ಜೋಳದ ರೊಟ್ಟಿ, ಕಡಲೆಬೀಜ ಹುರಿಯುವುದು, ಸಾರಿನ ಪುಡಿಗೆ ಕೊತ್ತಂಬರಿ ಬೀಜ, ಮೆಣಸಿನಕಾಯಿ. ಇಲ್ಲಿಯವರು ಮೊಟ್ಟೆ ಕರಿಯಲು ಮಾಡಿಕೊಂಡ ಪಾತ್ರೆಯಲ್ಲಿ ನಾವು ಇವನ್ನೆಲ್ಲ ಮಾಡುತ್ತೇವೆ. ಮೇಲಿಂದ ಜನವರಿಯಲ್ಲಿ ಹೊರಗೆ ಮೈನಸ್ 20, ಕಿಟಕಿ ತೆಗೆಯುವ ಹಾಗಿಲ್ಲ. ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆ ಮೇಲಿನ ಮೈಕ್ರೊವೇವ್ ಫ್ಯಾನ್ ಎಷ್ಟೋ ಕಡೆ ಗಾಳಿಯನ್ನು ಹೊರಗೆ ಬಿಡುವುದಿಲ್ಲ, ಸೋಸಿ ಮತ್ತೆ ಮುಖಕ್ಕೇ ಊದುತ್ತದೆ. ಫ್ಯಾನ್ ಹಾಕಿ ಅದರ ಮೇಲ್ಭಾಗಕ್ಕೆ ಕೈ ಹಿಡಿದು ನೋಡಿ, ಗೊತ್ತಾಗುತ್ತದೆ.

ಈಗ ಅಂಗಡಿಯಲ್ಲಿ ಸಿಗುವುದು

ಇಲ್ಲಿ ಈಗ ನಾನ್‌ಸ್ಟಿಕ್ ಎಂದು ಹೊಸದಾಗಿ ಸಿಗುವುದು ಬಹುಮಟ್ಟಿಗೆ ಸೆರಾಮಿಕ್. ಹೆಸರು ಕೇಳಿ ಮಣ್ಣಿನ ಪಾತ್ರೆ ಅಂದುಕೊಳ್ಳಬೇಡಿ. ಅದೂ ಅಲ್ಯೂಮಿನಿಯಂ ಪ್ಯಾನೇ. ಮೇಲೆ ಸಿಲಿಕಾದಿಂದ ಮಾಡಿದ ತೆಳು ಲೇಪ. ಕಾದರೆ ಟೆಫ್ಲಾನ್ ಬಿಡುವಂಥ ಅನಿಲ ಬಿಡುವುದಿಲ್ಲ. ಆದರೆ ಜಾರುವ ಗುಣ ಬೇಗ ಹೋಗುತ್ತದೆ. ದಿನಾ ಬಳಸಿದರೆ ನಮ್ಮ ಮನೆಯಲ್ಲಿ ಒಂದು ವರ್ಷ ದಾಟಿದ್ದಿಲ್ಲ. ಅದಕ್ಕೇ ಅರವತ್ತು ಡಾಲರಿನ ಸೆರಾಮಿಕ್ ನಾನಂತೂ ಕೊಳ್ಳುವುದಿಲ್ಲ. ಇಪ್ಪತ್ತರದ್ದೂ ಸುಮಾರು ಅದೇ ಹೊತ್ತಿಗೆ ಅಂಟಲು ಶುರುಮಾಡುತ್ತದೆ. 'ಲೈಫ್‌ಟೈಮ್ ವಾರಂಟಿ' ಕಾಗದದ ಸಣ್ಣ ಅಕ್ಷರ ಓದಿ. ಜಾಸ್ತಿ ಕಾಯಿಸಿದ್ದು, ಗೀರು ಬಿದ್ದದ್ದು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಪ್ಯಾನ್ ಹಾಳಾಗುವುದೇ ಆ ಎರಡರಿಂದ!

ಅಗ್ಗದ್ದರಲ್ಲೂ ಒಳ್ಳೆಯದು ಇದೆ. ಮೊದಲು ಕೈಯಲ್ಲಿ ಎತ್ತಿ. ಒಂದೇ ಅಳತೆಯ ಎರಡು ಪ್ಯಾನ್‌ಗಳಲ್ಲಿ ಭಾರ ಇರುವುದನ್ನೇ ಆರಿಸಿ. ಭಾರ ಅಂದರೆ ದಪ್ಪ ತಳ. ದಪ್ಪ ತಳ ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಬಿಸಿ ಒಂದೇ ಕಡೆ ನಿಲ್ಲುವುದಿಲ್ಲ. ಬೆರಳಲ್ಲಿ ತಟ್ಟಿ ನೋಡಿ, ತಗಡಿನ ಡಬ್ಬಿ ಥರ ಸದ್ದಾದರೆ ವಾಪಸ್ ಇಡಿ. ಆಮೇಲೆ ಬೋರಲು ಮಾಡಿ ತಳಕ್ಕೆ ಅಡ್ಡಲಾಗಿ ಕ್ರೆಡಿಟ್ ಕಾರ್ಡಿನ ಅಂಚು ಇಡಿ. ಹೊಸದರಲ್ಲಿ ನಡುವೆ ಕೂದಲೆಳೆಯಷ್ಟು ತಗ್ಗು ಇದ್ದರೆ ಪರವಾಗಿಲ್ಲ, ಕಾದಾಗ ಅದು ಸಮವಾಗುತ್ತದೆ. ಉಬ್ಬಿದ್ದರೆ ಬೇಡ. ಹಿಡಿಯನ್ನು ಅಲ್ಲಾಡಿಸಿ ನೋಡಿ. ಒಳಗಿನ ಲೇಪಕ್ಕೆ ಕೈ ಆಡಿಸಿ. ಅಂಚಿನಲ್ಲಿ, ಹಿಡಿಯ ಮೊಳೆಗಳ ಸುತ್ತ ಗುಳ್ಳೆಯೋ ಬೋಳು ಜಾಗವೋ ಇದ್ದರೆ ಕೀಳುವುದು ಅಲ್ಲಿಂದಲೇ. ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಫ್ರಿಜ್ ಮ್ಯಾಗ್ನೆಟ್ ಒಂದನ್ನು ಜೇಬಲ್ಲಿ ಒಯ್ಯಿರಿ. ತಳಕ್ಕೆ ಗಟ್ಟಿಯಾಗಿ ಅಂಟದಿದ್ದರೆ ಒಲೆ ಅದನ್ನು ಕಾಯಿಸುವುದೇ ಇಲ್ಲ.

ಅಳತೆ ವಿಷಯ. ಇಲ್ಲಿಯ ಕರೆಂಟ್ ಒಲೆಗಳಲ್ಲಿ ಕಾಯುವ ಸುರುಳಿಗಳು, ಅಂದರೆ ಕಾಯಿಲ್‌ಗಳು, ಸಾಮಾನ್ಯವಾಗಿ 6 ಇಂಚಿನವು, 8 ಇಂಚಿನವು ಇರುತ್ತವೆ. ದೊಡ್ಡ ದೋಸೆ ಆಸೆಗೆ 12 ಇಂಚಿನ ತೆಳು ಪ್ಯಾನ್ ತಂದು 6 ಇಂಚಿನ ಕಾಯಿಲ್ ಮೇಲಿಟ್ಟರೆ ನಡುವೆ ಸೀದು ಅಂಚು ಹಸಿ ಉಳಿಯುತ್ತದೆ, ತಳವೂ ಬೇಗ ಸೊಟ್ಟಗಾಗುತ್ತದೆ. 10 ಇಂಚು ಸಾಕು. ಊರಿನ ಗ್ಯಾಸ್ ಒಲೆ ಅಭ್ಯಾಸದವರಿಗೆ ಇನ್ನೊಂದು ಮಾತು: ಇಲ್ಲಿ ಗುಂಡಿ ತಿರುಗಿಸಿದ ಕೂಡಲೇ ಬಿಸಿ ಇಳಿಯುವುದಿಲ್ಲ. ಕಾಯಿಲ್ ಕೆಂಪಗೇ ಇರುತ್ತದೆ. ಫೋನ್ ಬಂತೆಂದು ಹೋಗುವಾಗ ಒಲೆ ಆರಿಸಿದರೆ ಸಾಲದು, ಪ್ಯಾನನ್ನು ಪಕ್ಕಕ್ಕೆ ಎತ್ತಿಡಿ.

ತಂದ ಮೇಲೆ ಉರಿ ಮಧ್ಯಮಕ್ಕಿಂತ ಮೇಲೆ ಬೇಡ. ನೀರು ಚಿಮುಕಿಸಿದರೆ 'ಚುಂಯ್' ಅಂದರೆ ದೋಸೆಗೆ ಸರಿ. ಹನಿಗಳು ಗೋಲಿ ಥರ ಓಡಾಡಿದರೆ ಜಾಸ್ತಿ ಕಾದಿದೆ, ಇಳಿಸಿ. ಮರದ ಇಲ್ಲವೇ ಸಿಲಿಕೋನ್ ಮಗುಚುವ ಕೈ ಬಳಸಿ. ಬಿಸಿ ಪ್ಯಾನಿಗೆ ತಣ್ಣೀರು ಬೇಡ, ನನ್ನ ಕಥೆ ಹೇಳಿದ್ದೇನಲ್ಲ. ಅಕ್ಕಿ ರೊಟ್ಟಿಯನ್ನು ಬೇಕಿಂಗ್ ಪೇಪರ್ ಮೇಲೆ ತಟ್ಟಿ ಕವುಚಿ ಹಾಕಿ, ಪೇಪರ್ ಎಳೆದುಬಿಡಿ. ಡಿಶ್‌ವಾಷರ್‌ಗೆ ಹಾಕಬೇಡಿ. ಎಣ್ಣೆ ಸ್ಪ್ರೇ ಡಬ್ಬಿಯೂ ಬೇಡ, ಅದರಲ್ಲಿ ಎಣ್ಣೆ ಜೊತೆ ಇರುವ ಲೆಸಿಥಿನ್ ಅಂಟಂಟಾಗಿ ಕೂರುತ್ತದೆ. ಸೆರಾಮಿಕ್ ಅಂಟಲು ಶುರುವಾದರೆ ತಕ್ಷಣ ಎಸೆಯಬೇಡಿ. ಎಷ್ಟೋ ಸಲ ಅದು ಸುಟ್ಟ ಎಣ್ಣೆಯ ತೆಳು ಪದರ ಮಾತ್ರ. ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಮೆತ್ತಗೆ ತಿಕ್ಕಿ.

ನನ್ನ ಅಭಿಪ್ರಾಯ ಕೇಳಿದರೆ, 8 ಇಂಚಿನ ಅಗ್ಗದ ಸೆರಾಮಿಕ್ ಒಂದನ್ನು ಆಮ್ಲೆಟ್ಟಿಗೆ ಅಂತ ಇಟ್ಟುಕೊಳ್ಳಿ. ದೋಸೆ, ರೊಟ್ಟಿ, ಚಪಾತಿ, ಹುರಿಯುವ ಕೆಲಸಕ್ಕೆಲ್ಲ ಕಬ್ಬಿಣದ ಕಾವಲಿ. ಉತ್ತರ ಕರ್ನಾಟಕದವರು ಹಂಚು ಅನ್ನುತ್ತೀರಲ್ಲ, ಅದೇ. ಎರಕದ ಕಬ್ಬಿಣದ 10 ಇಂಚಿನ ಪ್ಯಾನ್ ಇಲ್ಲಿ ಸುಮಾರು 20-25 ಡಾಲರಿಗೆ ಸಿಗುತ್ತದೆ. ನಾಲ್ಕು ದಿನ ದೋಸೆ ಅಂಟುತ್ತದೆ, ಬೈದುಕೊಳ್ಳುತ್ತೀರಿ, ಆಮೇಲೆ ಪಳಗುತ್ತದೆ. ಗಾಜಿನ ಒಲೆ ಮೇಲೆ ಎಳೆದಾಡಬೇಡಿ, ಎತ್ತಿಡಿ.

ಸೂಟ್‌ಕೇಸ್‌ನಲ್ಲಿ ತರುವವರಿಗೆ

ಊರಿಂದ ಕಬ್ಬಿಣದ ಕಾವಲಿ ತರುವುದಾದರೆ ತನ್ನಿ, ಸಂತೋಷ. ಹಿಂಡಾಲಿಯಂ ಬಾಣಲೆ ಮಾತ್ರ ಬಿಟ್ಟುಬನ್ನಿ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಲ್ಯೂಮಿನಿಯಂ, ಹಿತ್ತಾಳೆ, ಹಿಂಡಾಲಿಯಂ ಥರದ ಮಿಶ್ರಲೋಹಗಳ ಕೆಲವು ಆಮದು ಪಾತ್ರೆಗಳಿಂದ ಊಟಕ್ಕೆ ಸೀಸ ಇಳಿಯಬಹುದು ಎಂದು ಎಚ್ಚರಿಸಿತು. ಎಲ್ಲ ಪಾತ್ರೆಯಲ್ಲೂ ಇದೆ ಅಂತಲ್ಲ, ಆದರೆ ನೋಡಿ ಹೇಳಲು ಆಗುವುದಿಲ್ಲ. ಸಣ್ಣ ಮಕ್ಕಳಿದ್ದು ಈಗಾಗಲೇ ಅಂಥ ಪಾತ್ರೆಯಲ್ಲಿ ಸಾರು ಕುದಿಸುತ್ತಿದ್ದರೆ, ಮುಂದಿನ ಸಲ ಮಕ್ಕಳ ಡಾಕ್ಟರ್ ಹತ್ತಿರ ಸೀಸದ ರಕ್ತಪರೀಕ್ಷೆ ಕೇಳಿ. ಸಣ್ಣ ಪರೀಕ್ಷೆ, ಅವರಿಗೆ ಅದು ಮಾಮೂಲು.

ಸಂಘದ ಸಾಮಾನುಗಳ ಜೊತೆ ಪಳಗಿದ ಎರಡು ಕಾವಲಿ, ಒಂದು ಪಡ್ಡಿನ ಹಂಚು ಇವೆ. ಹೊಸಬರು ಎರಡು ವಾರಕ್ಕೆ ಒಯ್ದು ನಿಮ್ಮ ಒಲೆಗೆ ಹೊಂದುತ್ತದಾ ನೋಡಬಹುದು. ವಾಪಸ್ ಕೊಡುವಾಗ ಸೋಪು ಹಾಕಿ ನೆನೆಸಿಡಬೇಡಿ. ಒರೆಸಿ, ಒಂದು ಹನಿ ಎಣ್ಣೆ ಸವರಿ ಕೊಡಿ.