ಆರ್ಡುಯಿನೋ ಹವ್ಯಾಸಿಗಳು ಸಿ ಪ್ಲಸ್ ಪ್ಲಸ್ ಕ್ಲಾಸ್ ಕಲಿಯುವ ಬಗೆ

ತೀರ್ಥಹಳ್ಳಿ, ಸಾಗರದ ಕಡೆಯ ಅಡಿಕೆ ತೋಟಗಳಲ್ಲಿ ಮಣ್ಣಿನ ತೇವ ಅಳೆಯಲು ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸುವವರು ಅದರ ಪ್ರೋಗ್ರಾಮ್ ಬರೆಯುವ ಸಿ ಪ್ಲಸ್ ಪ್ಲಸ್ ಭಾಷೆಯನ್ನು ತಮ್ಮ ಸೆನ್ಸರ್‌ನಿಂದಲೇ ಕಲಿಯುವುದು ಒಳ್ಳೆಯದು. ಮೊದಲು ಒಂದು ಸೆನ್ಸರನ್ನು ಸಾಮಾನ್ಯ ಫಂಕ್ಷನ್‌ಗಳಿಂದ ಓದಿ. ಎರಡನೆಯದನ್ನು ಸೇರಿಸಿದಾಗ ವೇರಿಯಬಲ್‌ಗಳು ಇಮ್ಮಡಿಯಾಗುತ್ತವೆ. ಆಗ ಸೆನ್ಸರ್ ಜೋಡಿಸಿದ ಪಿನ್ ಸಂಖ್ಯೆಯನ್ನೂ ಒಣ ಮತ್ತು ಒದ್ದೆ ಮಣ್ಣಿನ ಅಳತೆಗಳನ್ನೂ ಒಂದು ಕ್ಲಾಸ್‌ನೊಳಗೆ (ವೇರಿಯಬಲ್ ಮತ್ತು ಫಂಕ್ಷನ್‌ಗಳನ್ನು ಒಟ್ಟುಗೂಡಿಸಿದ ಅಚ್ಚು) ಪ್ರೈವೇಟ್ ಆಗಿ, ಅಂದರೆ ಹೊರಗಿನಿಂದ ಮುಟ್ಟಲಾಗದಂತೆ, ಇರಿಸಿ, ತೇವದ ಪ್ರಮಾಣ ತಿಳಿಸುವ ಮೆಥಡನ್ನು (ಕ್ಲಾಸ್‌ನೊಳಗಿನ ಫಂಕ್ಷನ್) ಮಾತ್ರ ಪಬ್ಲಿಕ್ ಮಾಡಿದರೆ, ಪ್ರತಿ ಸೆನ್ಸರ್‌ಗೂ ಒಂದೊಂದು ಸಾಲಿನಲ್ಲಿ ಆಬ್ಜೆಕ್ಟ್, ಅಂದರೆ ಆ ಅಚ್ಚಿನ ಒಂದು ಪ್ರತಿ, ಸಿದ್ಧವಾಗುತ್ತದೆ. ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ಕನ್‌ಸ್ಟ್ರಕ್ಟರ್‌ನಲ್ಲಿ ಪಿನ್ ಸಂಖ್ಯೆಯನ್ನಷ್ಟೇ ಉಳಿಸಿಕೊಳ್ಳಿ. ಫಂಕ್ಷನ್‌ಗಳ ಹೊರಗೆ ಬರೆದ ಗ್ಲೋಬಲ್ ಆಬ್ಜೆಕ್ಟ್‌ಗಳ ಕನ್‌ಸ್ಟ್ರಕ್ಟರ್‌ಗಳು ಬೋರ್ಡ್ ಅಣಿಯಾಗುವ ಮೊದಲೇ ಓಡುವುದರಿಂದ, ಹಾರ್ಡ್‌ವೇರ್ ಕೆಲಸಕ್ಕೆ ‘ಬಿಗಿನ್’ ಎಂಬ ಮೆಥಡ್ ಬರೆದು ಅದನ್ನು ಬೋರ್ಡ್ ಶುರುವಾದಾಗ ಒಮ್ಮೆ ಓಡುವ ‘ಸೆಟಪ್’ನಿಂದ ಕರೆಯಬೇಕು. ಇದು ಅತ್ಯಂತ ಮುಖ್ಯವಾದ ಎಚ್ಚರಿಕೆ. ಊನೋ ಆರ್3 ಬೋರ್ಡಿನ ಎಸ್‌ರ್‍ಯಾಮ್ (ಪ್ರೋಗ್ರಾಮ್ ಓಡುವಾಗ ಬಳಸುವ ಮೆಮೊರಿ) ಕೇವಲ 2 ಕಿಲೋಬೈಟ್ ಆದ್ದರಿಂದ ಓಡುವಾಗಲೇ ಮೆಮೊರಿ ಪಡೆಯುವ ‘ನ್ಯೂ’ ಬಳಸಿ ಪದೇಪದೇ ಆಬ್ಜೆಕ್ಟ್ ಸೃಷ್ಟಿಸಬಾರದು. ಇನ್‌ಹೆರಿಟೆನ್ಸ್ (ಒಂದು ಕ್ಲಾಸ್‌ನ ಆಧಾರದ ಮೇಲೆ ಇನ್ನೊಂದನ್ನು ಕಟ್ಟುವುದು) ಕಲಿಯಲು ಅವಸರ ಬೇಡ. ತಾಪಮಾನದ ಸೆನ್ಸರ್ ಕೂಡ ಜೊತೆಗೂಡಿದಾಗ ಅದರ ಅಗತ್ಯ ತಾನಾಗಿ ಕಾಣಿಸಬಹುದು.