ಲೆವೆಲ್ ಪೈಪಿನಲ್ಲಿ ಗಾಳಿ ಹಿಡಿದರೆ ಏನು ಮಾಡಬೇಕು?

ರಾಯಚೂರು, ಸಿಂಧನೂರು ಕಡೆ ಪಾಯಾದ ಮಟ್ಟ ನೋಡಲು ಗೌಂಡಿಗಳು ಇವತ್ತಿಗೂ ನೀರು ತುಂಬಿದ ಪ್ಲಾಸ್ಟಿಕ್ ಪೈಪನ್ನೇ ನಂಬುತ್ತಾರೆ. ಲೇಸರ್ ಬಂದಿದೆ, ನಿಜ. ಆದರೆ ಇಲ್ಲಿನ ಬಿಸಿಲಿನಲ್ಲಿ ಅದರ ಗೆರೆ ಕಣ್ಣಿಗೆ ಬೀಳುವುದೇ ಕಷ್ಟ. ಪೈಪಿನ ದೊಡ್ಡ ಕಾಟ ಬೇರೆ: "ಗಾಳಿ ಹಿಡದೈತಿ ನೋಡ್ರಿ".

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೈಪಿನ ನೆಟ್ಟಗೆ ನಿಂತ ಭಾಗದಲ್ಲಿ 5 ಸೆಂ.ಮೀ. ಉದ್ದದ ಗುಳ್ಳೆ ಸಿಕ್ಕಿಕೊಂಡರೆ ಆ ಬದಿಯ ನೀರು ಹೆಚ್ಚುಕಡಿಮೆ 5 ಸೆಂ.ಮೀ. ಮೇಲೆ ನಿಲ್ಲುತ್ತದೆ. ಎರಡೂ ಬದಿಯಲ್ಲಿ ಸಮವಾಗಬೇಕಾದದ್ದು ಗಾಳಿ ಬಿಟ್ಟು ಬರೀ ನೀರಿನ ಎತ್ತರ. ಗಾಳಿಗೆ ಹೇಳಿಕೊಳ್ಳುವಂಥ ತೂಕವಿಲ್ಲ, ಆದರೆ ಜಾಗ ಮಾತ್ರ ಬೇಕು. ನೆಲಕ್ಕೆ ಅಡ್ಡ ಬಿದ್ದ ಭಾಗದಲ್ಲಿದ್ದರೆ ಅಷ್ಟು ಹಾನಿಯಿಲ್ಲ.

ಗಾಳಿ ಹಗುರ, ತಾನಾಗಿ ಮೇಲೆ ಬರುತ್ತದೆ ಎಂದು ಕಾಯುವವರಿದ್ದಾರೆ. ಗುಳ್ಳೆ ಏರಬೇಕಾದರೆ ಅದರ ಮೇಲಿನ ನೀರು ಪಕ್ಕದಿಂದ ಕೆಳಗಿಳಿಯಬೇಕು. ಒಂದು ಇಂಚಿನ ಪೈಪಿನಲ್ಲಿ ಅದಕ್ಕೆ ದಾರಿಯಿದೆ: ಗುಂಡು ತಲೆಯ ಉದ್ದ ಗುಳ್ಳೆ ಸೆಕೆಂಡಿಗೆ ಸುಮಾರು 17 ಸೆಂ.ಮೀ. ಏರುತ್ತದೆ, ಗುಳ್ಳೆ ಗೇಣುದ್ದವಿದ್ದರೂ ಮೊಳದುದ್ದವಿದ್ದರೂ ಅದೇ ವೇಗ. 1950ರಲ್ಲಿ ಡೇವಿಸ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಈ ಲೆಕ್ಕ ಹಾಕಿದ್ದರು. ಅಂಥ ಗುಳ್ಳೆಗೆ ಟೇಲರ್ ಗುಳ್ಳೆ ಎಂದೇ ಹೆಸರು. ಪೈಪು ಸಣ್ಣದಾದಂತೆ ನೀರಿನ ಮೇಲ್ಮೈ ಬಿಗಿತದ (ಮೇಲ್ಪದರ ಎಳೆದ ಚರ್ಮದಂತೆ ಬಿಗಿದಿರುವ ಗುಣ) ಕೈ ಮೇಲಾಗುತ್ತದೆ. ಒಳವ್ಯಾಸ 5 ಮಿ.ಮೀ.ಗಿಂತ ಕಡಿಮೆಯಿದ್ದರೆ ನೆಟ್ಟಗೆ ಹಿಡಿದ ಪೈಪಿನಲ್ಲಿ ಗುಳ್ಳೆ ನಿಂತಲ್ಲೇ ನಿಲ್ಲುತ್ತದೆ. ಇದನ್ನು 1961ರಲ್ಲಿ ಬ್ರೆದರ್ಟನ್ ಎಂಬ ವಿಜ್ಞಾನಿ ಲೆಕ್ಕ ಸಮೇತ ತೋರಿಸಿದರು. ಹಾಗಾಗಿ ಪೈಪು ಕೊಳ್ಳುವಾಗಲೇ 8–10 ಮಿ.ಮೀ. ಒಳವ್ಯಾಸದ್ದು ಕೇಳಿ. ಅದರಲ್ಲೂ ಗುಳ್ಳೆ ನಿಧಾನವೇ, ಆದರೆ ಹಟ ಹಿಡಿಯುವುದಿಲ್ಲ.

ಈಗ ತುಂಬುವ ಕ್ರಮ. ಮೇಲಿನಿಂದ ಚೊಂಬಿನಲ್ಲಿ ಸುರಿಯಬೇಡಿ. ಅರ್ಧ ಗಾಳಿಯೇ ಒಳಗೆ ಹೋಗುತ್ತದೆ. ಬಕೆಟ್ಟನ್ನು ಡ್ರಮ್ಮಿನ ಮೇಲಿಟ್ಟು, ಪೈಪಿನ ಒಂದು ತುದಿಯನ್ನು ನೀರಿನ ತಳದವರೆಗೆ ಇಳಿಸಿ. ಇನ್ನೊಂದು ತುದಿಯನ್ನು ಕೆಳಗೆ ಹಿಡಿದು ಬಾಯಿಂದ ಎಳೆದುಬಿಡಿ. ಬಣ್ಣಕ್ಕೆ ಬಟ್ಟೆಯ ನೀಲಿ ಬೆರೆಸುವುದಿದ್ದರೆ ಎಳೆಯುವಾಗ ಬಾಯಿಗೆ ಹೋಗದಂತೆ ಎಚ್ಚರ. ಒಮ್ಮೆ ಹರಿಯತೊಡಗಿದರೆ ನಿಲ್ಲಿಸಬೇಡಿ: ಗುಳ್ಳೆ ಏರುವುದಕ್ಕಿಂತ ನೀರಿನ ಓಟ ಜೋರಾಗಿದ್ದರೆ ಅದು ಗುಳ್ಳೆಯನ್ನು ಕೆಳಮುಖವಾಗಿಯೂ ಎಳೆದೊಯ್ಯುತ್ತದೆ. ಪೈಪಿನುದ್ದಕ್ಕೂ ಕಣ್ಣಾಡಿಸಿ, ಸುರುಳಿ ಬಿಚ್ಚಿ.

ಎಲ್ಲೋ ಒಂದು ಗುಳ್ಳೆ ಉಳಿದೇ ಉಳಿಯುತ್ತದೆ. ಆ ಭಾಗವನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ, ಸುಮಾರು 45 ಡಿಗ್ರಿ ಹಿಡಿಯಿರಿ. ಗುಳ್ಳೆ ಮೇಲಿನ ಗೋಡೆಗೆ ಒರಗುತ್ತದೆ, ನೀರಿಗೆ ಕೆಳಬದಿಯಲ್ಲಿ ದಾರಿ ಸಿಗುತ್ತದೆ. ಬೆರಳಿಂದ ತಟ್ಟುತ್ತ ತುದಿಯವರೆಗೆ ಓಡಿಸಿ. ಸಾಬೂನು ನೀರು ಮೇಲ್ಮೈ ಬಿಗಿತ ಇಳಿಸುವುದೇನೋ ಹೌದು, ಆದರೆ ನೊರೆಯೆದ್ದರೆ ಇದ್ದ ಗಾಳಿಗೆ ಇನ್ನಷ್ಟು ಸೇರಿದಂತೆ. ನನ್ನ ಕೇಳಿದರೆ ಬೇಡ.

ಬೆಳಗ್ಗೆ ಸ್ವಚ್ಛವಾಗಿದ್ದ ಪೈಪಿನ ಒಳಗೋಡೆಗೆ ಮಧ್ಯಾಹ್ನ ಸಾಸಿವೆಯಂಥ ಗುಳ್ಳೆಗಳು ಅಂಟಿರುವುದುಂಟು. ನೀರು ಕಾದಂತೆ ಅದರಲ್ಲಿ ಕರಗಿದ್ದ ಗಾಳಿ ಹೊರಬೀಳುತ್ತದೆ. ಬೋರಿನ ನೀರನ್ನು ಆಗಲೇ ಹಿಡಿದು ತುಂಬುವ ಬದಲು ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟ ನೀರು ಬಳಸಿ.

ಕೊನೆಗೆ ಎರಡೂ ತುದಿಗಳನ್ನು ಪಕ್ಕಪಕ್ಕ ಹಿಡಿದು, ಎರಡರ ಮೇಲಿನ ಹೆಬ್ಬೆರಳೂ ತೆಗೆದು ನೋಡಿ. ನೀರು ಒಂದೇ ಗೆರೆಗೆ ಬಂದರೆ ಕೆಲಸ ಶುರು ಮಾಡಬಹುದು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹುಡುಕುತ್ತ ಕೂರದೆ ಚೆಲ್ಲಿ, ಮತ್ತೆ ತುಂಬಿ.