ಹಾವು ಮೀನು: ಗಾಳದಿಂದ ಗಂಗಾಳಕ್ಕೆ

ಹಾವೇರಿ ಜಿಲ್ಲೆಯ ಹೊಳೆದಂಡೆಯಲ್ಲಿ ಗಾಳಕ್ಕೆ ಹಾವು ಮೀನು ಬಿದ್ದರೆ ಹಲವರು ನೂಲನ್ನೇ ಕತ್ತರಿಸಿ ಎಸೆಯುತ್ತಾರೆ, ಇಲ್ಲವೇ ಕಲ್ಲಿನಿಂದ ಜಜ್ಜುತ್ತಾರೆ. ಸಂತೆಯಲ್ಲೂ ಕಾಟ್ಲಾ, ರೋಹು ಮುಗಿದ ಮೇಲೆಯೇ ಇದರತ್ತ ಕಣ್ಣು ಹೋಗುವುದು. ಇದೇ ಮೀನನ್ನು ಬಂಗಾಳದವರು ಆಸೆಪಟ್ಟು ಕೊಳ್ಳುತ್ತಾರೆ. ನಡುವೆ ಒಂದು ಬೆನ್ನೆಲುಬು, ಸುತ್ತ ಗಟ್ಟಿ ಮಾಂಸ. ಕಾಟ್ಲಾ ತಿನ್ನುವಾಗ ಗಂಟಲಿಗೆ ಹೆದರಿಕೆ ಹುಟ್ಟಿಸುವ ಕವಲು ಮುಳ್ಳಿನ ಕಾಟ ಇದರಲ್ಲಿ ಕಡಿಮೆ.

ಮೊದಲು ಗುರುತು ತಿಳಿಯಿರಿ. ಅದೇ ನೀರಿನಲ್ಲಿ ನೀರುಹಾವೂ ಇರುತ್ತದೆ. ಮೀನಿಗೆ ಕಿವಿರು ಇದೆ, ಅದರ ಹಿಂದೆ ಎರಡು ಪುಟ್ಟ ರೆಕ್ಕೆಗಳಿವೆ, ಮೂತಿಯ ತುದಿಯಲ್ಲಿ ಚಿಕ್ಕ ಸೊಂಡಿಲಿನಂಥ ಮಾಂಸದ ಕುಡಿ ಇದೆ. ಕಂದು ಮೈಮೇಲೆ ಹಾವಾಡಿದಂತೆ ಗಾಢ ಗೆರೆ. ಬೆನ್ನಿನ ಮೇಲೆ ಬಿಡಿಬಿಡಿಯಾಗಿ 32ರಿಂದ 40 ಚೂಪು ಮುಳ್ಳು. 1800ರಲ್ಲಿ ಫ್ರೆಂಚ್ ವಿಜ್ಞಾನಿ ಲಾಸೆಪೆಡ್ ಇದಕ್ಕೆ ‘ಆರ್ಮೇಟಸ್’, ಅಂದರೆ ಆಯುಧ ತೊಟ್ಟದ್ದು, ಎಂದು ಹೆಸರಿಟ್ಟದ್ದು ಸರಿಯಾಗಿಯೇ ಇದೆ. ಹಿಡಿಯುವಾಗ, ಬಿಡಿಸುವಾಗ, ಹಸನು ಮಾಡುವಾಗ ಎಡವಟ್ಟಾಗುವುದೆಲ್ಲ ಈ ಮುಳ್ಳಿನ ಸಾಲಿನಿಂದಲೇ.

ಹಿಡಿಯುವುದು

ಹಗಲಿಡೀ ಇದು ಕಲ್ಲಿನ ಸಂದಿ, ಬೇರಿನ ಬುಡ, ಕೆಸರಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ವರದಾ, ತುಂಗಭದ್ರೆಯ ದಂಡೆಗಳಲ್ಲಿ ದೀಪಾವಳಿ ಕಳೆದು ನೀರು ತಿಳಿಯಾದ ಮೇಲಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ. ಹೊತ್ತು ಮುಳುಗಿದ ನಂತರದ ಎರಡು ಮೂರು ತಾಸು ಸಾಕು. ಮುಂಗಾರಿನಲ್ಲಿ ಮೊಟ್ಟೆ ಇಡುವ ಮೀನನ್ನು ಹಿಡಿಯಬೇಡಿ. ಕೆರೆಯಾದರೆ ಗುತ್ತಿಗೆ ಹಿಡಿದವರನ್ನು ಕೇಳಿಕೊಳ್ಳಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಮರಳು ತೆಗೆದ ಗುಂಡಿಗಳೂ ಇವೆ. ಕತ್ತಲಲ್ಲಿ ನೀರಿಗಿಳಿಯದೆ ದಂಡೆಯಿಂದಲೇ ಗಾಳ ಹಾಕಿ.

ಬಾಯಿ ಸಣ್ಣದು, ಹಾಗಾಗಿ 8 ಅಥವಾ 10ನೇ ನಂಬರಿನ, ಕಾಲು ಉದ್ದವಿರುವ ಗಾಳ ಬೇಕು (ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು). 0.30 ಮಿ.ಮೀ. ನೈಲಾನ್ ನೂಲಿಗೆ ತೂತಿರುವ 10 ಗ್ರಾಂ ಸೀಸ ಪೋಣಿಸಿ, ಗಾಳದಿಂದ ಒಂದು ಗೇಣು ಮೇಲೆ ನೂಲಿಗೆ ಗಂಟು ಹಾಕಿ, ಸೀಸ ಅದರಿಂದ ಕೆಳಗೆ ಜಾರದೆ ಮೇಲಕ್ಕೆ ಮಾತ್ರ ಸರಿದಾಡುವಂತೆ ಮಾಡಿ. ಸೀಸವನ್ನು ನೂಲಿಗೆ ಬಿಗಿದು ಕಟ್ಟಿದರೆ ಅದರ ಭಾರ ತಾಕಿದ ಕೂಡಲೇ ಮೀನು ಎರೆ ಉಗುಳುತ್ತದೆ. ಬೆಂಡು ಬೇಡ, ಎರೆ ನೆಲಕ್ಕೇ ಕೂರಬೇಕು. ಎರೆಹುಳುವನ್ನು ಉದ್ದಕ್ಕೆ ಪೋಣಿಸಿ, ಅರ್ಧ ಇಂಚು ಬಾಲ ಹೊರಗೆ ಅಲುಗಾಡಲಿ. ಕಲ್ಲುಸಾಲಿನ ಒಳಕ್ಕೆ ಎಸೆಯದೆ ಅದರಿಂದ ಒಂದು ಮಾರು ಈಚೆಗೆ ಎಸೆಯಿರಿ.

ನೂಲನ್ನು ಬೆರಳ ಮೇಲೆ ಹಿಡಿದಿರಿ. ಮೊದಲು ಪುಟ್ಟ ಪುಟ್ಟ ಜಗ್ಗು, ಆಮೇಲೆ ಒಂದೇ ಸಮನೆ ಎಳೆತ. ಆಗಲೇ ಕೋಲೆತ್ತಿ, ಬಿಡುವು ಕೊಡದೆ ದಂಡೆಗೆ ತನ್ನಿ. ತಡಮಾಡಿದರೆ ಮೀನು ಬಾಲ ಮುಂದಾಗಿ ಸಂದಿಗೆ ಸೇರಿ, ಮುಳ್ಳುಗಳನ್ನು ಸೆಟೆದು ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಹಾಗೆ ಕೂತ ಮೀನನ್ನು ಜಗ್ಗಿದರೆ ನೂಲೇ ಹರಿಯುವುದು. ನೂಲು ಸಡಿಲಬಿಟ್ಟು ಐದು ನಿಮಿಷ ಕಾಯಿರಿ. ತಾನಾಗಿ ಹೊರಬಂದರೂ ಬಂದೀತು. ಸಿಡಿಮದ್ದು, ವಿಷ ಹಾಕುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ, ಮರಿಗಳೆಲ್ಲ ಸಾಯುವ ಪಾಪ ಬೇರೆ.

ಮುಳ್ಳುಗಳು ಬಾಲದ ಕಡೆಗೆ ವಾಲಿವೆ. ಬಾಲ ಹಿಡಿದಿರೋ, ಮೀನು ಹಿಂದಕ್ಕೆ ಒದರಿ ಅಂಗೈ ಸೀಳುತ್ತದೆ. ಒದ್ದೆ ಗೋಣಿತಾಟನ್ನು ಹೊದಿಸಿ ತಲೆಯ ಹಿಂದೆ ಹಿಡಿಯಿರಿ. ಕೈ ಸವರುವುದಾದರೆ ತಲೆಯಿಂದ ಬಾಲಕ್ಕೆ ಮಾತ್ರ. ಚುಚ್ಚಿದರೆ ಸೋಪಿನಿಂದ ಚೆನ್ನಾಗಿ ತೊಳೆದು ಧನುರ್ವಾಯು ತಡೆಯುವ ಚುಚ್ಚುಮದ್ದು ಹಾಕಿಸಿ. ಒಂದು ಅಡಿಗಿಂತ ಚಿಕ್ಕದಿದ್ದರೆ ನೀರಿಗೆ ಬಿಡಿ. ಗಾಳ ನುಂಗಿದ ಮರಿಯ ಬಾಯಿ ಕೀಳದೆ ನೂಲನ್ನು ತುಟಿಯ ಹತ್ತಿರ ಕತ್ತರಿಸಿ.

ಹಸನು ಮಾಡುವುದು

ಲೋಳೆ ತೆಗೆಯಲು ಒಲೆಯ ಬೂದಿ, ಕಲ್ಲುಪ್ಪು ಹಚ್ಚಿ ಎರಡು ಸಲ ಉಜ್ಜಿ ತೊಳೆಯಿರಿ. ಬರೀ ನೀರಿಗೆ ಲೋಳೆ ಬಿಡದು, ಸಾರಿಗೆ ಕೆಸರುವಾಸನೆ ಹತ್ತುತ್ತದೆ. ಮುಳ್ಳಿನ ಸಾಲಿನ ಎಡಬಲಕ್ಕೆ ಚಾಕುವಿನಿಂದ ಗೀರು ಹಾಕಿ, ಬಾಲದ ಕಡೆಯಿಂದ ಇಕ್ಕಳದಲ್ಲಿ ಹಿಡಿದು ತಲೆಯತ್ತ ಎಳೆದರೆ ಸಾಲಾಗಿ ಬರುತ್ತದೆ. ಹೊಟ್ಟೆ ಸೀಳಿ, ಬೆನ್ನೆಲುಬಿಗಂಟಿದ ಕಪ್ಪು ರಕ್ತದ ಗೆರೆಯನ್ನು ಉಗುರಿನಿಂದ ಕೆರೆಯಿರಿ. ಬಹಳ ಮಂದಿ ಬಿಡುವುದು ಇದನ್ನೇ, ಕಹಿಯಾಗಲು ಇದೂ ಕಾರಣ. ಚರ್ಮ ಸುಲಿಯಬೇಡಿ, ಸಾರಿಗೆ ಮಂದ ಬರುವುದು ಅದರಿಂದ. ಎರಡಿಂಚಿನ ತುಂಡು ಮಾಡಿ.

ಸಾರು

ಅರ್ಧ ಕಿಲೋ ಮೀನಿಗೆ ಅರ್ಧ ಚಮಚ ಅರಿಶಿನ, ಒಂದು ಚಮಚ ಉಪ್ಪು ಸವರಿ ಕಾಲು ತಾಸು ಇಡಿ. 8 ಬ್ಯಾಡಗಿ ಮೆಣಸಿನಕಾಯಿ, 8 ಎಸಳು ಬೆಳ್ಳುಳ್ಳಿ, ಎರಡು ಚಮಚ ಒಣಕೊಬ್ಬರಿ, ಒಂದು ಚಮಚ ಕೊತ್ತಂಬರಿ ಬೀಜ ಹುರಿದು ನುಣ್ಣಗೆ ಅರೆಯಿರಿ. ಬ್ಯಾಡಗಿಯಿಂದ ಬಣ್ಣವೇ ಹೆಚ್ಚು, ಖಾರ ಬೇಕಾದವರು ಎರಡು ಗುಂಟೂರು ಸೇರಿಸಬಹುದು. ಎಣ್ಣೆಯಲ್ಲಿ ಉಳ್ಳಾಗಡ್ಡಿ ಕೆಂಪಗಾದ ಮೇಲೆ ಅರೆದ ಮಸಾಲೆ, ನಿಂಬೆ ಗಾತ್ರದ ಹುಣಸೆಯ ರಸ, ಎರಡು ಲೋಟ ನೀರು ಹಾಕಿ ಹತ್ತು ನಿಮಿಷ ಕುದಿಸಿ. ಹಸಿವಾಸನೆ ಹೋದ ಮೇಲೆಯೇ ಮೀನು ಬಿಡಿ, ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಸೌಟು ಆಡಿಸಿದರೆ ತುಂಡು ಒಡೆಯುತ್ತದೆ, ಪಾತ್ರೆಯನ್ನೇ ಎರಡು ಸಲ ತಿರುವಿ. ಇಳಿಸಿ ಅರ್ಧ ತಾಸು ಮುಚ್ಚಿಟ್ಟು ಬಿಸಿ ಜೋಳದ ರೊಟ್ಟಿಯ ಜೊತೆ ಬಡಿಸಿ.